ಚಿತ್ರದಕ್ಕನ ಹೊಟ್ಟೆಕಿಚ್ಚು

ಆ ಬೀದಿಯ ಮಕ್ಕಳು ಅವಳನ್ನು ಚಿತ್ರದಕ್ಕ ಎಂದು ಕರೆಯುತ್ತಿದ್ದರು. ಮಕ್ಕಳ ಬಾಯಿಂದ ಅದು ದೊಡ್ಡವರ ಬಾಯಿಗೆ ಹತ್ತಿ, ಕೊನೆಗೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡನೂ ಸಿಟ್ಟು ಬಂದಾಗಲೆಲ್ಲ "ಏನಮ್ಮಾ ಚಿತ್ರದಕ್ಕಾ" ಎನ್ನತೊಡಗಿದ್ದ. ಪುಸ್ತಕಗಳಿಗೂ ಪತ್ರಿಕೆಗಳಿಗೂ ಚಿತ್ರ ಬರೆದುಕೊಡುವುದು ಅವಳ ಕಸುಬು. ಕೈಯೇನೋ ಬಂಗಾರದ್ದು, ಓಡುವ ನಾಯಿಯನ್ನು ನಾಲ್ಕೇ ಗೆರೆಯಲ್ಲಿ ಹಿಡಿದು ನಿಲ್ಲಿಸುತ್ತಿದ್ದಳು. ತಲೆ ಮಾತ್ರ ಸಂತೆ. ಮೇಲಾಗಿ "ಆಗಲ್ಲ" ಎಂಬ ಒಂದು ಮಾತು ಅವಳ ನಾಲಗೆಗೆ ಹತ್ತುತ್ತಲೇ ಇರಲಿಲ್ಲ. ಯಾರು ಬಂದು ಕೇಳಿದರೂ ಹೂಂ. ಹೀಗೆ ಹೂಂ ಹೂಂ ಎನ್ನುತ್ತಲೇ ಒಂದು ವರ್ಷ ಅವಳ ಮೇಜಿನ ಮೇಲೆ ನಾಲ್ಕು ಕೆಲಸಗಳು ಒಟ್ಟಿಗೆ ಬಂದು ಕೂತವು: ಶಾಲೆಯ ವಿಜ್ಞಾನ ಪುಸ್ತಕ, ಮಕ್ಕಳ ಮಾಸಪತ್ರಿಕೆಯ ಕಥೆಗಳು, ಅದೇ ಪತ್ರಿಕೆಯವರು ಹೊರತರುತ್ತಿದ್ದ ಒಂದು ಚಿತ್ರಪುಸ್ತಕ, ಮತ್ತು ಕಣ್ಣಾಸ್ಪತ್ರೆಯೊಂದರ ಗೋಡೆಗೆ ಹಾಕುವ ದೊಡ್ಡ ಚಿತ್ರಗಳು.

ಕಂಪ್ಯೂಟರಿನಲ್ಲಿ ಅವಳು ಫೈಲುಗಳಿಗೆ ಹೆಸರಿಡುವ ಕ್ರಮವೇ ಬೇರೆ. 'ಕೊನೆಯದು', 'ನಿಜವಾಗಲೂ ಕೊನೆಯದು', 'ದೇವರಾಣೆ ಕೊನೆಯದು'. ಇದರ ಫಲವಾಗಿ ಒಂದು ದಿನ ಎರಡು ಕಪ್ಪೆಗಳು ಅದಲುಬದಲಾದವು. ಹೊಟ್ಟೆ ಸೀಳಿ ಒಳಗಿನ ಕರುಳು, ಪಿತ್ತಕೋಶ ತೋರಿಸುವ ವಿಜ್ಞಾನದ ಕಪ್ಪೆ ಮಕ್ಕಳ ಪತ್ರಿಕೆಗೆ ಹೋಯಿತು. ಕೊಡೆ ಹಿಡಿದು ಬೂಟು ತೊಟ್ಟು ಸೋದರತ್ತೆಯ ಮನೆಗೆ ಹೊರಟ ಕಥೆಯ ಕಪ್ಪೆ ಶಾಲಾಪುಸ್ತಕಕ್ಕೆ ಹೋಯಿತು.

ಮೊದಲು ಫೋನು ಮಾಡಿದವರು ವಿಜ್ಞಾನದ ಮೇಷ್ಟ್ರು. "ಅಮ್ಮಾ, ಕಪ್ಪೆಗೆ ಬೂಟು ಎಷ್ಟನೇ ಅಧ್ಯಾಯದಲ್ಲಿ ಬರುತ್ತೆ?" ಎಂದು ಕೇಳಿದರು.

ಆಮೇಲೆ ಪತ್ರಿಕೆಯ ಸಂಪಾದಕರು. ಅವರು ನಗಲಿಲ್ಲ. "ನೋಡಿ, ನಮ್ಮ ಓದುಗರು ಇನ್ನೂ ಹಾಲುಹಲ್ಲಿನವರು. ನಿಮ್ಮ ಚಿತ್ರ ನೋಡಿ ನಮ್ಮ ಆಫೀಸಲ್ಲೇ ಒಬ್ಬರು ಊಟ ಬಿಟ್ಟರು. ಹೀಗೇ ಆದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಅಂದು ಸಂಜೆ ಅವಳು ಅತ್ತು ಮುಗಿಸಿದ ಮೇಲೆ ಗಂಡ ಒಂದು ಮಾತು ತೆಗೆದ. "ಪುಟ್ಟೀನ ಕರೆಸ್ಕೋ. ಹೇಗಿದ್ರೂ ಮನೇಲೇ ಇದಾಳಲ್ಲ."

ಪುಟ್ಟಿ ಎಂದರೆ ಅವಳ ತಂಗಿ. ಅಮ್ಮನ ಜೊತೆ ಎರಡು ಬೀದಿಯಾಚೆ ಇದ್ದಳು. ಒಂದು ಬಸ್ಸು ಕಂಪನಿಯಲ್ಲಿ ಯಾವ ಬಸ್ಸು ಯಾವ ದಾರಿಗೆ, ಯಾವ ಡ್ರೈವರಿಗೆ ಯಾವಾಗ ರಜೆ ಎಂದೆಲ್ಲ ಹೊಂದಿಸುವ ಕೆಲಸ ಅವಳದಾಗಿತ್ತು. ಕಂಪನಿಯವರು ಆ ಶಾಖೆ ಮುಚ್ಚಿದ್ದರಿಂದ ಕೆಲಸ ಹೋಗಿ, ಅಮ್ಮನ ಮಸಾಲೆ ಡಬ್ಬಿಗಳನ್ನು ದಿನಕ್ಕೊಂದು ಥರ ಜೋಡಿಸಿಡುತ್ತ ಕೂತಿದ್ದಳು.

ಚಿತ್ರದಕ್ಕನಿಗೆ ಆ ಸಲಹೆ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಚಿಕ್ಕಂದಿನಿಂದ ಅವಳು ಕೇಳಿ ಕೇಳಿ ಕಿವಿ ತೂತಾದ ಮಾತೊಂದಿತ್ತು: "ಪುಟ್ಟೀನ ನೋಡಿ ಕಲಿ." ಅವಳ ಪುಸ್ತಕದ ರಟ್ಟು ಹರಿದಿದ್ದರೆ ಪುಟ್ಟಿಯದಕ್ಕೆ ಮಾಸದ ಹೊದಿಕೆ. ಅವಳ ಬಣ್ಣದ ಪೆನ್ಸಿಲುಗಳು ಮೊಳದಿಂದ ಗೇಣಾಗಿ, ಗೇಣಿಂದ ಉಗುರಾಗಿ ಕಳೆದುಹೋದರೆ ಪುಟ್ಟಿಯವು ಸಾಲಾಗಿ ಸಮನಾಗಿ ಡಬ್ಬಿಯಲ್ಲಿ ಮಲಗಿರುತ್ತಿದ್ದವು. ಪುಟ್ಟಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಬೇರೆ ದಾರಿ ಇರಲಿಲ್ಲ. ಹಸು ಬೇಡ, ಅದರ ಹಾಲು ಬೇಕು ಎಂದರೆ ಆಗುತ್ತದೆಯೇ? ಬೆಳಿಗ್ಗೆ ತಾನೇ ಹೋಗಿ ತಂಗಿಯನ್ನು ಕರೆದಳು.

ಪುಟ್ಟಿ ಬಂದು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಳು. ನೆಲದ ಮೇಲೆ ಕಾಗದ, ಕುರ್ಚಿಯ ಮೇಲೆ ಕಾಗದ, ಕಿಟಕಿಯಲ್ಲಿ ಒಣಗಿದ ಬ್ರಶ್ಶುಗಳು, ಮಸಿಯ ಸೀಸೆಯ ಮೇಲೆ ಅರ್ಧ ತಿಂದ ಬಿಸ್ಕತ್ತು.

"ಅಕ್ಕಾ, ಇದರಲ್ಲಿ ಯಾವುದು ಯಾವ ಕೆಲಸದ್ದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

"ಕಪ್ಪೆ ವಿಷಯದಲ್ಲಿ ಗೊತ್ತಾದ ಹಾಗೇನಾ?"

ಆ ವಾರವೆಲ್ಲ ಪುಟ್ಟಿ ಕೋಣೆಯನ್ನು ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ನಿಲ್ಲಿಸಿದಳು. ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗಗಳನ್ನು ಬಿಗಿದಳು. ಒಂದೊಂದು ಕೆಲಸಕ್ಕೆ ಒಂದೊಂದು ಹಗ್ಗ. ಹಗ್ಗದ ಕಿಟಕಿ ಕಡೆಯ ತುದಿಯಲ್ಲಿ ಕಚ್ಚಾ ಗೆರೆಯ ಹಾಳೆಗಳು, ನಡುವೆ ಮಸಿ ತಿದ್ದಿದವು, ಬಾಗಿಲ ಕಡೆ ಬಣ್ಣ ಮುಗಿದವು. ಕೆಲಸ ಮುಂದೆ ಹೋದಂತೆಲ್ಲ ಹಾಳೆ ಕ್ಲಿಪ್ಪಿನ ಸಮೇತ ಬಾಗಿಲ ಕಡೆಗೆ ಸರಿಯಬೇಕು. "ಬಾಗಿಲಿಗೆ ಬಂತು ಅಂದ್ರೆ ಬಸ್ಸು ಹೊರಡೋಕೆ ನಿಂತಿದೆ ಅಂತ ಅರ್ಥ," ಎಂದಳು. ಕೈ ನಡುಗದ ಬೆಳಗಿನ ಹೊತ್ತು ಮಸಿಗೆ, ಊಟವಾದ ಮೇಲೆ ಬಣ್ಣಕ್ಕೆ, ತಲೆ ಓಡದ ಸಂಜೆ ಕಳುಹಿಸುವುದಕ್ಕೆ, ತಿದ್ದುವುದಕ್ಕೆ. ಫೈಲುಗಳಿಗೆ ಕೆಲಸದ ಹೆಸರು, ಪುಟದ ಸಂಖ್ಯೆ. ದೇವರಾಣೆಗೆ ಅಲ್ಲಿ ಜಾಗವಿಲ್ಲ. ಫೋನು ಪುಟ್ಟಿಯ ಕೈಗೆ ಹೋಯಿತು. ಯಾರಾದರೂ ಹೊಸ ಕೆಲಸ ತಂದರೆ ಅವಳು ತಲೆಯೆತ್ತಿ ಹಗ್ಗಗಳನ್ನು ನೋಡುತ್ತಿದ್ದಳು. ಹಗ್ಗ ಖಾಲಿ ಇಲ್ಲದಿದ್ದರೆ ಎಷ್ಟು ಮೆತ್ತಗೆ "ಈಗ ಆಗಲ್ಲ" ಎನ್ನುತ್ತಿದ್ದಳೆಂದರೆ, ಆ ಕಡೆಯವರೇ "ಪರವಾಗಿಲ್ಲ, ಕಾಯ್ತೀವಿ" ಎನ್ನುತ್ತಿದ್ದರು.

ಚಿತ್ರದಕ್ಕನಿಗೆ ಮೊದಲು ಎದೆಯ ಮೇಲಿಂದ ಬಂಡೆ ಇಳಿಸಿದಂತಾಯಿತು. ಬೆಳಿಗ್ಗೆ ಎದ್ದು ಹೆಂಚಿನ ಮೇಲೆ ಕೂತ ಕಾಗೆಯನ್ನು ನೋಡುವಷ್ಟು ಪುರುಸೊತ್ತು ಸಿಕ್ಕಿತು. ಮಸಿ ಹಚ್ಚುವಾಗ ಮಸಿಯೊಂದೇ ತಲೆಯಲ್ಲಿರುತ್ತಿತ್ತು. ಚಿತ್ರಗಳೂ ಕಳೆಗಟ್ಟಿದವು.

ಆದರೆ ಸುಖ ಹೆಚ್ಚು ದಿನ ದಕ್ಕಲಿಲ್ಲ. ಒಂದು ದಿನ ಸಂಪಾದಕರ ಫೋನು ಬಂದಾಗ ಪುಟ್ಟಿ ಅಡುಗೆಮನೆಯಲ್ಲಿದ್ದಳು. ಚಿತ್ರದಕ್ಕನೇ ಎತ್ತಿಕೊಂಡು "ಹೇಳಿ ಸಾರ್" ಎಂದಳು.

"ಓ, ನೀವಾ? ಪುಟ್ಟಿಯವರು ಇಲ್ವಾ?"

"ಇದಾಳೆ. ಏನು ಹೇಳಿ, ನಾನೇ..."

"ಬೇಡ ಬೇಡ, ನಿಮಗ್ಯಾಕೆ ತೊಂದರೆ. ಅವರು ಬಂದ ಮೇಲೇ ಮಾಡ್ತೀನಿ."

ನನ್ನ ಚಿತ್ರ, ನನ್ನ ಮನೆ, ನನ್ನ ಫೋನು. ಮಾತಾಡಲಿಕ್ಕೆ ಅವಳು ಬೇಕು! ಪುಟ್ಟಿ ಕೈ ಒರೆಸಿಕೊಳ್ಳುತ್ತ ಬಂದು "ಯಾರು?" ಎಂದಾಗ "ಯಾರೋ, ರಾಂಗ್ ನಂಬರ್," ಎಂದುಬಿಟ್ಟಳು. ಹೇಳಿದ ಮರುಕ್ಷಣ ಫೋನು ಮತ್ತೆ ಹೊಡೆದುಕೊಂಡಿತು. ಪುಟ್ಟಿ ಎತ್ತಿಕೊಂಡು ನಗುನಗುತ್ತ ಮಾತಾಡಿದಳು.

ಇನ್ನೊಂದು ದಿನ ಚಿತ್ರಪುಸ್ತಕದ ಮುಖಪುಟ. ಚಿತ್ರದಕ್ಕ ಎರಡು ಬರೆದಿದ್ದಳು. ಒಂದರಲ್ಲಿ ಹುಡುಗಿ ನಮ್ಮ ಕಡೆ ನೋಡಿ ನಗುತ್ತಾಳೆ, ಇನ್ನೊಂದರಲ್ಲಿ ಬೆನ್ನು ತೋರಿಸಿ ಮೆಟ್ಟಿಲಿಳಿದು ಹೋಗುತ್ತಾಳೆ. ಅವಳಿಗೆ ನಗುವ ಹುಡುಗಿಯೇ ಇಷ್ಟ. ಸಂಪಾದಕರು ಮನೆಗೇ ಬಂದು ಎರಡನ್ನೂ ಹಿಡಿದು ನೋಡಿ, ಚಿತ್ರ ಬರೆದವಳನ್ನು ಬಿಟ್ಟು ಪಕ್ಕದಲ್ಲಿ ಚಹಾ ಹಿಡಿದು ನಿಂತವಳನ್ನು ಕೇಳಿದರು: "ನಿಮಗೇನನ್ಸುತ್ತೆ?"

"ನನಗೇನು ಗೊತ್ತು ಸಾರ್," ಎಂದಳು ಪುಟ್ಟಿ. ಆಮೇಲೆ, "ಬೆನ್ನು ತೋರಿಸಿರೋಳು ಎಲ್ಲಿಗೆ ಹೋಗ್ತಿದಾಳೆ ಅಂತ ಅನ್ಸುತ್ತೆ. ನಗ್ತಿರೋಳು ಎಲ್ಲಿಗೂ ಹೋಗಲ್ಲ," ಎಂದಳು.

ಸಂಪಾದಕರು ಬೆನ್ನಿನ ಹುಡುಗಿಯನ್ನೇ ಎತ್ತಿಕೊಂಡು ಹೋದರು. ಚಿತ್ರದಕ್ಕನಿಗೆ ಮೈ ಪರಚಿಕೊಳ್ಳುವಂತಾಯಿತು. ಪುಟ್ಟಿ ಹೇಳಿದ್ದು ತಪ್ಪಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು.

ಅಂದಿನಿಂದ ಅವಳಿಗೆ ಒಂದೇ ಸಮಾಧಾನ: ಎಷ್ಟಾದರೂ ಇವಳಿಗೆ ಒಂದು ಬೆಕ್ಕು ಬರೆಯಲಿಕ್ಕೆ ಬರುವುದಿಲ್ಲ. ಪಕ್ಕದ ಮನೆಯ ಮಗು ಯಾವಾಗಿನಂತೆ "ಚಿತ್ರದಕ್ಕಾ, ಬೆಕ್ಕು ಬರೆದುಕೊಡು" ಎಂದು ಬಂದಾಗ ಅವಳು ಬೇಕೆಂದೇ ಹೇಳಿದಳು: "ಇವತ್ತು ನಮ್ಮ ಪುಟ್ಟಿ ಬರೆದುಕೊಡ್ತಾಳೆ." ಪುಟ್ಟಿ ಬೆವರು ಒರೆಸಿಕೊಂಡು, ನಾಲಗೆ ಕಚ್ಚಿಕೊಂಡು ಬರೆದಳು. ಕೊಡಕ್ಕೆ ಮೀಸೆ ಬಂದಂತಿತ್ತು. ಮಗು ಅದನ್ನು ನೋಡಿ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕು, "ಇದೇ ಬೇಕು, ಇಂಥದ್ದು ಇನ್ನೊಂದು ಬೇಕು" ಎಂದು ಹಟ ಹಿಡಿಯಿತು. ಮಾರನೆಯ ದಿನ ಅದರ ಗೆಳೆಯರೂ ಬಂದು ಕೊಡದ ಬೆಕ್ಕೇ ಬೇಕೆಂದರು. ಚಿತ್ರದಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಬಣ್ಣ ಕಲಸುತ್ತ ಕೂತಳು. ಎಷ್ಟು ಕಲಸಿದರೂ ಹಸಿರು ಕೆಸರೇ ಆಯಿತು.

ಮನೆಯವರೂ ಉರಿಗೆ ಎಣ್ಣೆ ಹೊಯ್ದರು. "ಮನೆ ಈಗ ಮನೆ ಥರ ಇದೆ ನೋಡು," ಎಂದ ಗಂಡ. ಅಮ್ಮನಂತೂ ಫೋನಿನಲ್ಲಿ ಅದೇ ರಾಗ. "ಪುಟ್ಟಿ ಇರದಿದ್ರೆ ನೀನು ಏನಾಗ್ತಿದ್ದೆ ಹೇಳು. ಪಾಪ, ಅವಳಿಗೂ ಒಂದು ಹೆಸರು ಬರಬೇಕು."

"ಬಂದಿದೆ ಬಿಡಮ್ಮ. ನನ್ನ ಹೆಸರೇ ಅವಳಿಗೆ ಬಂದಿದೆ."

"ಅದೇನೇ ಹಾಗಂತೀಯ? ಒಡಹುಟ್ಟಿದವಳು."

ಒಡಹುಟ್ಟಿದವಳು ಎಂಬುದೇ ಕಷ್ಟವಾಗಿತ್ತು. ಹೊರಗಿನವಳಾಗಿದ್ದರೆ ಬೈದು ಕೆಲಸ ಬಿಡಿಸಬಹುದಿತ್ತು.

ಚಿತ್ರಪುಸ್ತಕ ಹೊರಬಂದ ದಿನ ಗ್ರಂಥಾಲಯದ ಸಭಾಂಗಣದಲ್ಲಿ ಚಿಕ್ಕ ಸಮಾರಂಭ. ಚಿತ್ರದಕ್ಕ ವೇದಿಕೆಯ ಮೇಲೆ, ಪುಟ್ಟಿ ಕೆಳಗೆ ಅಮ್ಮನ ಪಕ್ಕ. ಇಷ್ಟಾದರೂ ಸರಿಯಾಗಿದೆಯಲ್ಲ ಎಂದು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಸಂಪಾದಕರು ಅವಳ ಚಿತ್ರಗಳನ್ನು ಹೊಗಳಿದರು. ಹೊಗಳಿ, ಅಲ್ಲಿಗೇ ನಿಲ್ಲಿಸಲಿಲ್ಲ. "ಆದ್ರೆ ಈ ಪುಸ್ತಕ ಹೇಳಿದ ದಿನಕ್ಕೆ ನಿಮ್ಮ ಕೈಯಲ್ಲಿದೆ ಅಂದ್ರೆ ಅದಕ್ಕೆ ಕಾರಣ ಇನ್ನೊಬ್ಬರು. ಪುಟ್ಟಿಯವರೇ, ಬನ್ನಿ ಮೇಲೆ!" ಪುಟ್ಟಿ ಆಗಲ್ಲ ಆಗಲ್ಲ ಎಂದು ತಲೆಯಾಡಿಸಿದಷ್ಟೂ ಚಪ್ಪಾಳೆ ಜಾಸ್ತಿಯಾಯಿತು. ಚಿತ್ರದಕ್ಕ ತನಗೆ ಬಿದ್ದ ಚಪ್ಪಾಳೆಯನ್ನೂ ತಂಗಿಗೆ ಬಿದ್ದದ್ದನ್ನೂ ಕಿವಿಯಲ್ಲೇ ತಕ್ಕಡಿಗೆ ಹಾಕಿ ತೂಗಿದಳು. ಮರುದಿನ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಪುಟ್ಟಿ ನಗುತ್ತಿದ್ದಳು. ಚಿತ್ರದಕ್ಕನ ಮುಖದ ಮುಂದೆ ಯಾರದೋ ಭುಜ ಅಡ್ಡ ಬಂದಿತ್ತು.

ಆ ಹೊತ್ತಿಗೆ ಅವಳು ಪತ್ರಿಕೆಯ ವಿಶೇಷ ಸಂಚಿಕೆಯ ನಡುಪುಟಕ್ಕೆ ಒಂದು ಚಿತ್ರ ಬರೆಯುತ್ತಿದ್ದಳು. ಹೊಳೆ ದಾಟುವ ದೋಣಿ, ತುಂಬ ಜನ. ದಪ್ಪ ಕಾಗದದ ಮೇಲೆ ಮಸಿ ಮತ್ತು ನೀರುಬಣ್ಣದಲ್ಲಿ. ದೋಣಿಯಲ್ಲಿ ಕೋಳಿ ಬುಟ್ಟಿ ಹಿಡಿದ ಮುದುಕಿ, ತೂಕಡಿಸುವ ಪೊಲೀಸ್, ಹೊಸ ಚಪ್ಪಲಿ ಒದ್ದೆಯಾಗದಂತೆ ಕಾಲೆತ್ತಿ ಕೂತ ಹೆಂಗಸು, ನೀರಿಗೆ ಬೆರಳು ಅದ್ದಿದ ಮಗು. ಒಂದು ಮುಖದಂತೆ ಇನ್ನೊಂದಿಲ್ಲ. ಬರೆಯುವಾಗ ಹೊಟ್ಟೆಕಿಚ್ಚೂ ಮರೆತುಹೋಗಿತ್ತು. ಮುಗಿಸಿ ದೂರ ನಿಂತು ನೋಡಿದಾಗ ಅವಳಿಗೇ ಗೊತ್ತಾಯಿತು, ಇಂಥದ್ದು ತನ್ನ ಕೈಯಿಂದ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಪುಟ್ಟಿ ಒಳಗೆ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ "ಸರಿ, ಒಣಗಿದೆ. ನಾಳೆ ಬೆಳಿಗ್ಗೆ ಸ್ಕ್ಯಾನಿಗೆ," ಎಂದು ಬಾಗಿಲ ಕಡೆಯ ತುದಿಗೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಅಷ್ಟೇ. ಅಯ್ಯೋ ಎಷ್ಟು ಚೆನ್ನಾಗಿದೆ ಎಂದು ಒಂದು ಮಾತು ಬರಲಿಲ್ಲ. ಅಷ್ಟರಲ್ಲಿ ಫೋನು ಬಂತು; "ಹಾಂ ಸಾರ್, ನಾಳೆ ನಾನೇ ತರ್ತೀನಿ, ನನ್ನ ಕೈಲಿ ಯಾವತ್ತಾದ್ರೂ ತಡ ಆಗಿದೆಯಾ?" ಎಂದು ನಗುತ್ತ ಆಚೆ ಹೋದಳು.

ನನ್ನ ಕೈಲಿ. ಚಿತ್ರದಕ್ಕನ ಕಿವಿಯಲ್ಲಿ ಆ ಮಾತು ರಾತ್ರಿಯೆಲ್ಲ ಗುಂಯ್‌ಗುಟ್ಟಿತು.

ಮಾರನೆಯ ಬೆಳಿಗ್ಗೆ ಪುಟ್ಟಿ ಬರುವ ಮೊದಲೇ ಅವಳು ಚಿತ್ರವನ್ನು ಹಗ್ಗದಿಂದ ಬಿಚ್ಚಿ, ಮಲಗುವ ಕೋಣೆಗೆ ಒಯ್ದು, ಹಾಸಿಗೆ ಎತ್ತಿ ಮಂಚದ ಹಲಗೆಗಳ ಮೇಲೆ ಇಟ್ಟು, ಹಾಸಿಗೆ ಮುಚ್ಚಿದಳು. ಕೈ ತಾನಾಗಿ ಮಾಡಿದಂತೆ ಮಾಡಿತು. ಒಂದು ದಿನ, ಒಂದೇ ದಿನ ಪುಟ್ಟಿ ಕಳೆದುಕೊಂಡವಳು ಎನಿಸಿಕೊಳ್ಳಲಿ. ಸಂಜೆ ತಾನೇ ಎಲ್ಲಿಂದಲೋ ಹುಡುಕಿಕೊಟ್ಟರಾಯಿತು. ಆಗ ಸಂಪಾದಕರು ಯಾರಿಗೆ ಫೋನು ಮಾಡುತ್ತಾರೋ ನೋಡೋಣ. ವಾಪಸು ಬಂದು ವಿಜ್ಞಾನ ಪುಸ್ತಕದ ಬೇರು, ಕಾಂಡ, ಎಲೆಗಳಿಗೆ ಮಸಿ ಹಚ್ಚುತ್ತ ಕೂತಳು.

ಪುಟ್ಟಿ ಬಂದಳು. "ಅಕ್ಕಾ, ದೋಣಿ ಎಲ್ಲಿ?"

"ನೀನೇ ತಾನೇ ನೇತುಹಾಕಿದ್ದು."

ಪುಟ್ಟಿ ಮೊದಲು ನಕ್ಕಳು. ಆಮೇಲೆ ಹಗ್ಗಗಳನ್ನು ಒಂದೊಂದಾಗಿ ನೋಡಿದಳು. ಮೇಜಿನ ಹಿಂದೆ, ಕಪಾಟಿನ ಮೇಲೆ, ಕಸದ ಬುಟ್ಟಿಯಲ್ಲಿ. ತನ್ನ ಚೀಲ ಬೋರಲು ಹಾಕಿದಳು. ನಿನ್ನೆಯ ಬೇರೆ ಹಾಳೆಗಳ ಜೊತೆ ಒಯ್ದಿರಬಹುದೆಂದು ಸ್ಕ್ಯಾನಿನ ಅಂಗಡಿಗೆ ಓಡಿದಳು. ಅಲ್ಲಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಅಮ್ಮನ ಮನೆಗೆ. ಯಾವತ್ತೂ ಏನನ್ನೂ ಕಳೆಯದವಳಿಗೆ ಹುಡುಕುವುದೂ ಬರುತ್ತಿರಲಿಲ್ಲ; ಒಂದೇ ಡ್ರಾಯರನ್ನು ಮತ್ತೆ ಮತ್ತೆ ತೆರೆಯುತ್ತಿದ್ದಳು. ಚಿತ್ರದಕ್ಕ ಎಲೆಯ ನರಗಳನ್ನು ಎಳೆಯುತ್ತಲೇ ಇದ್ದಳು. ಮೊದಲು ಒಳಗೆ ಹಾಯೆನಿಸಿದ್ದು ನಿಜ. ತಂಗಿಯ ಕೂದಲು ಕೆದರಿದ್ದು, ಖಾಲಿ ಚೀಲವನ್ನೇ ಮತ್ತೆ ಕೊಡವಿದ್ದು ನೋಡುತ್ತ ಹೋದಂತೆ ಆ ಹಾಯೆನಿಸುವುದು ನಿಂತುಹೋಯಿತು. ಇನ್ನು ಸಾಕು, ಊಟವಾದ ಮೇಲೆ ಹುಡುಕಿಕೊಡೋಣ ಎಂದು ಪೆನ್ನು ಕೆಳಗಿಟ್ಟಳು.

ಅಷ್ಟರಲ್ಲಿ ಪುಟ್ಟಿ ಫೋನು ಕೈಗೆತ್ತಿಕೊಂಡಿದ್ದಳು.

"ಸಾರ್, ನಡುಪುಟದ ಚಿತ್ರ ಕಳೆದುಹೋಗಿದೆ. ನನ್ನ ಕೈಯಿಂದಲೇ ಹೋಗಿದೆ, ಬೇರೆ ಯಾರದೂ ತಪ್ಪಿಲ್ಲ. ಎರಡು ದಿನ ಕೊಡಿ. ಅಕ್ಕ ಮತ್ತೆ ಬರೆದುಕೊಡ್ತಾಳೆ."

ಮುಗಿಯಿತು. ಇನ್ನು ಹಾಸಿಗೆಯ ಕೆಳಗಿಂದ ಅದನ್ನು ತೆಗೆದು ಇಲ್ಲೇ ಇತ್ತು ನೋಡು ಎನ್ನುವ ಹಾಗಿಲ್ಲ. ಚಿತ್ರ ತಾನಾಗಿ ನಡೆದುಕೊಂಡು ಹೋಗಿ ಮಲಗಿತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತಿತ್ತು. ಚಿತ್ರದಕ್ಕ ಬಾಯಿಗೆ ಬೀಗ ಹಾಕಿಕೊಂಡು ಹೊಸ ಕಾಗದ ಬಿಗಿದಳು.

ಎರಡನೆಯ ದೋಣಿಯಲ್ಲೂ ಮುದುಕಿ ಇದ್ದಳು, ಪೊಲೀಸನಿದ್ದ, ಕಾಲೆತ್ತಿ ಕೂತ ಹೆಂಗಸಿದ್ದಳು. ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಬಂದವರ ಹಾಗೆ ಬಿಗಿದುಕೊಂಡು ಕೂತಿದ್ದರು. ನೀರು ನೀಲಿಯಾಗಿತ್ತೇ ಹೊರತು ಒದ್ದೆಯಾಗಿರಲಿಲ್ಲ. ಆ ರಾತ್ರಿಗಳಲ್ಲಿ ಅವಳು ಒಳ್ಳೆಯ ದೋಣಿಯ ಮೇಲೇ ಮಲಗಿ ಹೊರಳಾಡಿದಳು. ಗಂಡ "ಮಂಚದಲ್ಲಿ ತಿಗಣೆ ಇದೆಯೇನು?" ಎಂದು ಕೇಳಿದ.

ಸಂಪಾದಕರು ಚಿತ್ರ ನೋಡಿ "ಚೆನ್ನಾಗಿದೆ" ಎಂದರು. ಅದೇ ಅಚ್ಚಾಯಿತು. ಓದಿದವರು ಯಾರೂ ಏನೂ ಅನ್ನಲಿಲ್ಲ. ಹಾಗೆ ಯಾರೂ ಏನೂ ಅನ್ನದೇ ಇದ್ದದ್ದು ಅವಳಿಗೆ ಚುಚ್ಚಿತು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಪುಟ್ಟಿಯ ಮೇಲೆ ಸಂಪಾದಕರು ಸಿಟ್ಟಾಗುತ್ತಾರೆಂದು ಅವಳು ಕಾದದ್ದೇ ಬಂತು. ಒಂದು ಸಂಜೆ ಪುಟ್ಟಿ ಕೆಲಸ ಮುಗಿಸಿ, ಫೋನನ್ನು ಅಕ್ಕನ ಮೇಜಿನ ಮೇಲಿಟ್ಟು ಹೇಳಿದಳು.

"ಸಾರ್ ನನ್ನನ್ನ ಆಫೀಸಿಗೆ ಕರೀತಿದಾರೆ. ಚಿತ್ರ ಬರೆಯೋರನ್ನೆಲ್ಲ ನೋಡ್ಕೊಳ್ಳೋ ಕೆಲಸ."

"ಅವರು... ಚಿತ್ರ ಕಳೆದದ್ದಕ್ಕೆ ಬೇಜಾರಾಗಿಲ್ವಾ?"

"ಅದಕ್ಕೇ ಕರೆದದ್ದಂತೆ. 'ಇಷ್ಟು ವರ್ಷದಲ್ಲಿ ಎಲ್ಲರೂ ಕರೆಂಟು ಹೋಯ್ತು, ಕಂಪ್ಯೂಟರ್ ಕೆಟ್ಟಿತು, ಅಜ್ಜಿ ಸತ್ತಳು ಅಂತಾರೆ. ಒಬ್ಬರ ಅಜ್ಜಿ ನಾಲ್ಕು ಸಲ ಸತ್ತಿದಾಳೆ. ಕಳೆದೆ ಅಂತ ನೇರ ಹೇಳಿದೋರು ನೀವೊಬ್ಬರೇ' ಅಂದ್ರು."

ತಾನು ತೋಡಿದ ಹಳ್ಳ ತಂಗಿಗೆ ಮೆಟ್ಟಿಲಾಯಿತಲ್ಲ ಎಂದು ಚಿತ್ರದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಒಳ್ಳೇದಾಯ್ತು," ಎಂದಳು.

ಪುಟ್ಟಿ ಹೋಗಲಿಲ್ಲ. ಚೀಲ ಹೆಗಲಿಗೇರಿಸಿ ನಿಂತೇ ಇದ್ದಳು.

"ಎಲ್ಲಿಟ್ಟಿದೀಯ ಅದನ್ನ?"

ಏನನ್ನು ಎಂದು ಕೇಳುವ ಧೈರ್ಯ ಬರಲಿಲ್ಲ. "ಹಾಸಿಗೆ ಕೆಳಗೆ," ಎಂದಳು ಚಿತ್ರದಕ್ಕ.

"ಮಡಚಿಲ್ಲ ತಾನೇ?"

"ಇಲ್ಲ." ಚಿತ್ರದಕ್ಕ ಕೇಳಿದಳು: "ಯಾವಾಗ ಗೊತ್ತಾಯ್ತು?"

"ಅವತ್ತೇ ಸಂಜೆ, ಮನೆಗೆ ನಡ್ಕೊಂಡು ಹೋಗ್ತಾ. ಒಂದು ರಬ್ಬರ್ ಕಳೆದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡೋಳು ನೀನು. ಅವತ್ತು ಕುರ್ಚಿಯಿಂದ ಏಳಲೇ ಇಲ್ಲ. ಎಲೆ ಬರೀತಾ ಕೂತಿದ್ದೆ." ಪುಟ್ಟಿಯ ದನಿ ಏರಿತು. "ನಿಲ್ದಾಣದ ಕಸದ ತೊಟ್ಟಿಗೆ ಕೈ ಹಾಕಿ ಹುಡುಕಿದೆ ಅಕ್ಕಾ ನಾನು. ಜನ ನಿಂತು ನೋಡ್ತಿದ್ರು. ಅಮ್ಮನ ಮುಂದೆ ಕೂತು ಅತ್ತೆ. ಎಷ್ಟು ಚೆನ್ನಾಗಿತ್ತು ಆ ಚಿತ್ರ ಅಂತ ಅತ್ತೆ."

"ಚೆನ್ನಾಗಿದೆ ಅಂತ ನೀನು ಹೇಳ್ಲೇ ಇಲ್ವಲ್ಲ!"

"ಹೇಳೋಕೆ ಬಾಯಿ ಬರಲಿಲ್ಲ. ನೀನು ಒಂದು ಗೆರೆ ಎಳೆದ್ರೆ ಕುದುರೆಯಾಗುತ್ತೆ, ನಾನು ಎಳೆದ್ರೆ ಗೆರೆಯಾಗುತ್ತೆ. ದಿನಾ ಅದನ್ನ ನೋಡ್ಕೊಂಡು ಕ್ಲಿಪ್ಪು ಹಾಕೋದು ಸುಲಭ ಅನ್ಕೊಂಡಿದೀಯಾ? ಆದ್ರೂ ನಿನ್ನ ಒಂದು ಹಾಳೆಗೆ ಉಗುರು ತಾಗಿಸಿಲ್ಲ ನಾನು."

ಅವಳು ಸೀದಾ ಮಲಗುವ ಕೋಣೆಗೆ ಹೋದಳು. ಚಿತ್ರದಕ್ಕ ಹಿಂದೆ ಹಿಂದೆ ಹೋದಳು. ಪುಟ್ಟಿ ಹಾಸಿಗೆ ಎತ್ತಿದಳು. ಕಾಗದದ ಮೇಲೆ ಹಲಗೆಯ ಅಂಚಿನ ಗುರುತು ದೋಣಿಯ ಉದ್ದಕ್ಕೂ ಬಿದ್ದು, ಮುದುಕಿಯ ಮುಖ ಸೀಳಿದಂತಾಗಿತ್ತು. ಇಬ್ಬರೂ ಅದನ್ನು ನೋಡಿದರು. ಪುಟ್ಟಿ ಹಾಸಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಅಂದಿನಿಂದ ಪುಟ್ಟಿ ಮನೆಗೆ ಬರಲಿಲ್ಲ. ಆದರೆ ಪತ್ರಿಕೆಯ ಕೆಲಸ ಇದ್ದೇ ಇತ್ತಲ್ಲ, ಆಫೀಸು ಸೇರಿದ ಪುಟ್ಟಿಯದೇ ಫೋನು ಬರುತ್ತಿತ್ತು.

"ನಮಸ್ಕಾರ ಮೇಡಂ. ಮುಂದಿನ ಸಂಚಿಕೆಯ ಕಚ್ಚಾ ಚಿತ್ರ ಯಾವಾಗ ಕಳಿಸ್ತೀರಿ?"

"ಪುಟ್ಟೀ, ನಾನು..."

"ಗುರುವಾರ ಅಂತ ಬರ್ಕೊಳ್ಳಲಾ ಮೇಡಂ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಮೇಡಂ, ಈ ಕಳಿಸ್ತೀರಿ, ಕೆನ್ನೆಗೆ ಹೊಡೆದಂತಿದ್ದವು. ಅಮ್ಮನ ಮನೆಗೆ ಹೋದರೆ ಪುಟ್ಟಿ ಹಿತ್ತಲ ಬಾಗಿಲಿಂದ ಆಚೆ. ಅಮ್ಮ ಇಬ್ಬರ ಮುಖವನ್ನೂ ನೋಡಿ, "ಏನಾಯ್ತು ಅಂತ ಇಬ್ಬರೂ ಬಾಯಿ ಬಿಡಲ್ಲ. ನಾನು ಗೋಡೆ ಜೊತೆ ಮಾತಾಡ್ತೀನಿ," ಎಂದು ಗೊಣಗುತ್ತಿದ್ದಳು. ಇತ್ತ ಚಿತ್ರದಕ್ಕನ ಕೋಣೆಯಲ್ಲಿ ಹಾಳೆಗಳು ಮತ್ತೆ ಹಗ್ಗದಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಇಳಿದವು. ಗುರುವಾರ ಎಂದದ್ದು ಶನಿವಾರವಾಯಿತು. ಮೇಡಂ ಎಂಬ ದನಿ ಇನ್ನಷ್ಟು ತಣ್ಣಗಾಯಿತು.

ಒಮ್ಮೆ ತಡವಾದ ಚಿತ್ರಗಳನ್ನು ತಾನೇ ಕೊಡಲೆಂದು ಅವಳು ಪತ್ರಿಕೆಯ ಆಫೀಸಿಗೆ ಹೋದಳು. ಪುಟ್ಟಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗುಂಗುರು ಕೂದಲಿನ ಒಬ್ಬ ಚಿತ್ರಕಾರ ಪುಟ್ಟಿಯ ಮೇಜಿನ ಮೇಲೆ ತನ್ನ ಹಾಳೆಗಳನ್ನು ಹರಡಿದ್ದ. ಪುಟ್ಟಿ ಒಂದೊಂದನ್ನೇ ಎತ್ತಿ ನೋಡುತ್ತ, "ಪರವಾಗಿಲ್ವೋ, ಹೇಳಿದ ದಿನಕ್ಕೆ ತಂದೆಯಲ್ಲ! ನಿನ್ನ ಥರ ಇನ್ನಿಬ್ಬರಿದ್ರೆ ನನಗೆ ನಿದ್ದೆ ಬರುತ್ತೆ," ಎಂದು ನಗುತ್ತಿದ್ದಳು. ಅವನಿಗೆ ಚಹಾ ಬಂತು. ಪುಟ್ಟಿ ತನ್ನ ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವನ ಮುಂದೆ ಸರಿಸಿದಳು.

ಚಿತ್ರದಕ್ಕನ ಕಣ್ಣು ಅವನ ಹಾಳೆಗಳ ಮೇಲೆ ಬಿತ್ತು. ಆನೆಗೆ ಮಂಡಿ ಎಲ್ಲಿದೆ ಎಂದೇ ಗೊತ್ತಿಲ್ಲದವನು! ಇಂಥವನಿಗೆ ಚಹಾ! ಇಂಥವನಿಗೆ 'ನೀನು', ಒಡಹುಟ್ಟಿದ ತನಗೆ 'ಮೇಡಂ'! ತಂಗಿ ತನ್ನ ಹೆಸರು ತಿಂದಳೆಂದು ಉರಿದದ್ದೆಲ್ಲ ಈ ಉರಿಯ ಮುಂದೆ ಬೂದಿಯಾಗಿ ಕಂಡಿತು. ಅವಳು ತನ್ನವಳು. ಆ ಬೈಗುಳ, ಆ ಕ್ಲಿಪ್ಪು, ಆ 'ಬಸ್ಸು ಹೊರಡೋಕೆ ನಿಂತಿದೆ', ಎಲ್ಲ ತನ್ನದು. ಊರಿನ ಗುಂಗುರು ತಲೆಗಳಿಗೆಲ್ಲ ಹಂಚಲಿಕ್ಕೆ ಇವಳಿಗೆ ಮನಸ್ಸಾದರೂ ಹೇಗೆ ಬಂತು?

ಚಿತ್ರಗಳನ್ನು ಮುಂಬಾಗಿಲ ಮೇಜಿನಲ್ಲಿ ಕೊಟ್ಟು, ಬಿರಬಿರನೆ ಮನೆಗೆ ಬಂದಳು. ಬಂದವಳೇ ನೆಲದ ಮೇಲಿನದನ್ನೆಲ್ಲ ಬಾಚಿ ಎತ್ತಿದಳು. ಅಂದು ಒಬ್ಬರು ಅಂಗಡಿಯವರು ಬೋರ್ಡಿಗೆ ಚಿತ್ರ ಬರೆದುಕೊಡಿ ಎಂದು ಬಂದಿದ್ದರು. ಅವಳು ಉಸಿರು ಹಿಡಿದು "ಆಗಲ್ಲ" ಎಂದಳು. ಆ ಮಾತು ಎಷ್ಟು ಜೋರಾಗಿ ಬಂತೆಂದರೆ ಅವರು ಹೆದರಿ ಮೆಟ್ಟಿಲಿಳಿದು ಹೋದರು. ಬೆಳಿಗ್ಗೆ ಮಸಿ, ಮಧ್ಯಾಹ್ನ ಬಣ್ಣ. ಬೇರೆ ಕೆಲಸದ ಹಾಳೆ ಕಣ್ಣಿಗೆ ಬಿದ್ದರೆ ಮಗುಚಿ ಹಾಕಿದಳು. ಮುಂದಿನ ಸಂಚಿಕೆಯ ಕಥೆಗೆ ಆನೆ ಬೇಕಿರಲಿಲ್ಲ. ಆದರೂ ಹಿನ್ನೆಲೆಯಲ್ಲಿ ಒಂದು ಆನೆ ಬರೆದಳು, ಮಂಡಿ ಸಮೇತ. ಶುಕ್ರವಾರ ಎಂದಿದ್ದ ಕೆಲಸವನ್ನು ಬುಧವಾರವೇ ಕಳುಹಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಅಕ್ಕಾ?" ಎಂದಿತು ಆ ಕಡೆಯ ದನಿ. "ಹುಷಾರಾಗಿದೀಯ ತಾನೇ? ಜ್ವರ ಗಿರ ಏನಿಲ್ವಲ್ಲ?"

ಚಿತ್ರದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಹುಷಾರಾಗಿದೀನಿ."

"ಮತ್ತೆ ಬುಧವಾರವೇ ಬಂದಿದೆ?"

"ಬಂತು. ಯಾಕೆ, ಬೇಡ್ವಾ?"

ಆ ಕಡೆ ಪುಟ್ಟಿ ನಕ್ಕಳೋ ಮೂಗೆಳೆದಳೋ ಗೊತ್ತಾಗಲಿಲ್ಲ. "ಚೆನ್ನಾಗಿದೆ," ಎಂದಳು. "ತುಂಬಾ ಚೆನ್ನಾಗಿದೆ ಅಕ್ಕಾ. ಆದ್ರೆ ಆ ಆನೆ ಯಾಕೆ ಬಂತು ಅಂತ ತಿಳೀಲಿಲ್ಲ."

"ಇರಲಿ ಬಿಡು. ಪುಟ್ಟೀ..."

"ಹೂಂ."

ಕ್ಷಮಿಸು ಎಂದು ಹೇಳಬೇಕೆಂದು ಬಾಯಿ ತೆರೆದವಳು ಬೇರೆಯದನ್ನೇ ಕೇಳಿದಳು. "ಆ ಗುಂಗುರು ಕೂದಲಿನವನು ಕೊಟ್ಟನಾ?"

"ಯಾರು, ಅವನಾ? ಇನ್ನೂ ಇಲ್ಲ. ಈ ಸಲ ಅವರಜ್ಜಿ ಸತ್ತಳಂತೆ."

ಫೋನಿಟ್ಟ ಮೇಲೆ ಚಿತ್ರದಕ್ಕ ಬಹಳ ದಿನಗಳ ನಂತರ ಎರಡು ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು. ಗಂಡ ಬೆರಗಾಗಿ, ಏನಿವತ್ತು ವಿಶೇಷ ಎಂದು ಕೇಳಿದ. "ಪಾಪ, ಯಾರದೋ ಅಜ್ಜಿ ತೀರಿಕೊಂಡ್ರಂತೆ," ಎಂದು ಅವಳು ತಲೆ ತಗ್ಗಿಸಿ ಊಟ ಮುಂದುವರಿಸಿದಳು.